ಚಾಚಾ ಹಚ್ಚಿದ ಚೌಕ ತೇಪೆಗಳು

ಚಾಚಾ ಅವರ ಎಡಗಿವಿಯಲ್ಲಿ ಯಾವಾಗಲೂ ಅರಳೆ ಇರುತ್ತಿತ್ತು. ತಲೆಗಿಂತ ಎತ್ತರದಲ್ಲಿದ್ದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುವಾಗ ಒಮ್ಮೆ ಕಿಡಿಯೊಂದು ನೇರ ಕಿವಿಯೊಳಗೇ ಬಿದ್ದಿತ್ತಂತೆ. ಅಂದಿನಿಂದ ಅವರು ಆ ಅರಳೆ ತೆಗೆದದ್ದನ್ನು, ಎಂಥ ಬೇಸಿಗೆಯಲ್ಲೂ ಅಂಗಿಯ ಕೊರಳ ಗುಂಡಿ ಬಿಚ್ಚಿದ್ದನ್ನು ರಾಮದುರ್ಗದಲ್ಲಿ ಯಾರೂ ಕಂಡಿಲ್ಲ. ಅವರ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು "ಲಗೂ ಮಾಡ್ರಿ ಚಾಚಾ" ಎಂದು ಎಷ್ಟು ಕೂಗಿದರೂ ಮಾತು ಅರಳೆಯನ್ನು ದಾಟುತ್ತಿರಲಿಲ್ಲ. "ಚಹಾ ಕುಡೀತೀರೇನ್ರಿ" ಎಂದರೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ನಾನು ಸುರೇಬಾನದಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಅಪ್ಪ ತೀರಿಕೊಂಡ ಮೇಲೆ ಗಿರಣಿಯ ಜೊತೆಗೆ ಚಾಚಾ ಅವರ ಸ್ನೇಹವೂ ನನ್ನ ಪಾಲಿಗೆ ಬಂತು. ನಮ್ಮ ಯಂತ್ರ ಇರುವುದು ಅಟ್ಟದ ಮೇಲೆ, ಅಟ್ಟ ನಿಂತಿರುವುದು ಎರಡು ಉಕ್ಕಿನ ತೊಲೆಗಳ, ಅಂದರೆ ಗರ್ಡರುಗಳ ಮೇಲೆ. ಆ ತೊಲೆಗಳ ಕೆಳಗೇ ಹೆಂಗಸರು ಡಬ್ಬಿ ಹಿಡಿದು ಪಾಳಿಯಲ್ಲಿ ನಿಲ್ಲುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ದೊಡ್ಡ ಯಂತ್ರ ತಂದರು. ತೊಲೆಗಳಿಗೆ ಬಲ ಬರಲೆಂದು ಅಡಿಯಿಂದ ದಪ್ಪ ಉಕ್ಕಿನ ಪಟ್ಟಿ ಬೆಸೆದು ತೇಪೆ ಹಚ್ಚಿಕೊಟ್ಟವರು ಚಾಚಾ. ರಾಮದುರ್ಗದಲ್ಲಿ ಬೇಕಾದಷ್ಟು ಗಿರಣಿಗಳಿದ್ದರೂ ತಮ್ಮ ಮನೆಯ ಗೋಧಿಯನ್ನು ಅವರು ನಮ್ಮಲ್ಲಿಗೇ ತರುತ್ತಿದ್ದರು.

ಕೆಲವು ವರ್ಷಗಳ ಹಿಂದಿನ ನಾಗರ ಪಂಚಮಿಯ ವಾರ. ಉಂಡಿಯ ಹಿಟ್ಟಿಗಾಗಿ ಊರೆಲ್ಲ ನನ್ನ ಬಾಗಿಲಲ್ಲೇ ಇತ್ತು. ಒಂದು ಬೆಳಿಗ್ಗೆ ಕಸ ಹೊಡೆಯುವಾಗ, ತೊಲೆಗೆ ಮೆತ್ತಿದ ಬಿಳಿ ಹಿಟ್ಟಿನ ನಡುವೆ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ಖಾರದ ಪುಡಿ ಎಂದುಕೊಂಡು ಒರೆಸಿದೆ. ಮರುದಿನ ಮತ್ತೆ ಇತ್ತು, ಮತ್ತೆ ಒರೆಸಿದೆ. ಮೂರನೆಯ ದಿನವೂ ಒರೆಸಿ, ಖಾರ ಬೀಸಿಸಿಕೊಂಡು ಹೋದವರನ್ನೆಲ್ಲ ಮನಸಾರೆ ಬೈದೆ. ನನ್ನ ಜಾಣತನ ಅಷ್ಟಿತ್ತು!

ಅಂದೇ ಚಾಚಾ ಗೋಧಿ ತಂದರು. ನನ್ನ ಬೈಗುಳ ಕೇಳಿ ನಗುತ್ತಲೇ ತಲೆಯೆತ್ತಿ ನೋಡಿದವರು ಸ್ಟೂಲು ಹತ್ತಿ ಆ ಗೆರೆಯ ಮೇಲೆ ಉಗುರು ಎಳೆದರು. ಇಳಿದು ಬಂದು ಯಂತ್ರ ನಿಲ್ಲಿಸಿದರು, ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡರು.

"ಚಾಚಾ, ಪಂಚಮಿ ಐತಿ! ಏನರ ಆಗಿದ್ರ ಒಂದೆರಡು ಬೆಸಗಿ ಟಾಕಾ ಹಾಕಿ ಹೋಗ್ರಿ, ನಾಕು ದಿನಾ ತಡದ್ರ ಸಾಕು," ಎಂದೆ.

"ಖಾರ ಅಲ್ಲ ಬೇಟಿ, ಇದು ತುಕ್ಕು. ಒಳಗ ಬಿರುಕು ಬಿಟ್ಟೈತಿ. ಮೊದಲ ಎಲ್ಲಾರೂ ಹೊರಗ ನಡೀರಿ."

ಹೆಂಗಸರು ಗೊಣಗುತ್ತ ಅಂಗಳಕ್ಕಿಳಿದರು. ಅವರಿಗೂ ಕೇಳುವಂತೆ ಚಾಚಾ ಹೇಳಿದರು: "ಈ ಬಿರುಕು ನಂದು. ಆವಾಗ ಚೌಕ ತ್ಯಾಪಿ ಹಚ್ಚಿದ್ನಿ, ನಾಕೂ ಕಡೆ ಬೆಸದ್ರ ಗಟ್ಟಿ ಅಂತ ತಿಳಿದಿದ್ನಿ. ಗರ್ಡರಿಗೆ ಹಂಗ ಅಡ್ಡ ಬೆಸಿಬಾರದು. ಯಂತ್ರ ನಡುಗಿ ನಡುಗಿ, ಅಡ್ಡ ಬೆಸದಲ್ಲೇ ಹರೀತೈತಿ."

"ಇದು ನಿಮಗ ಯಾವಾಗ ತಿಳೀತು?"

"ಭಾಳ ವರ್ಷ ಆತು."

"ತಿಳಿದ ಮ್ಯಾಲೂ ಯಾಕ ಬರಲಿಲ್ಲ?"

"ನಾಚಿಕಿ ಆತು ಬೇಟಿ. ತಡದೀತು ಬಿಡು ಅಂತ ಸುಮ್ಮ ಕುಂತ್ನಿ."

ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಅದರ ಕೆಳಗೆ ಎಷ್ಟು ಮಂದಿ ನಿಂತಿದ್ದರು! ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಹಳೆಯ ಕಬ್ಬಿಣ, ಅದಕ್ಕೇ ಬಿರಿಯಿತು ಎಂದು ಅವರು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆ ಎಂಬುದು ಹೊಳೆದದ್ದು ಬೈದು ಮುಗಿದ ಮೇಲೆ. ಮೂರು ದಿನ ಆ ಗೆರೆಯನ್ನು ಒರೆಸಿ ಹಾಕಿದ ಕೈಯೂ ನನ್ನದೇ ಅಲ್ಲವೇ?

ಮಾರನೆಯ ದಿನ ಅವರು ಕೆಲಸಕ್ಕೆ ನಿಂತರು. ಹಿಟ್ಟಿನ ದೂಳಿಗೆ ಬೆಂಕಿ ತಗಲುತ್ತದೆಂದು ಅರ್ಧ ದಿನ ನನ್ನಿಂದ ಗಿರಣಿ ಗುಡಿಸಿ ತೊಳೆಸಿ, ಹಸಿ ಚೀಲ ಹಾಸಿಸಿದರು. ಟ್ರ್ಯಾಕ್ಟರಿನ ಜಾಕು ಕೊಟ್ಟು ತೊಲೆಯನ್ನು ನೂಲಿನಷ್ಟು ಮೇಲಕ್ಕೆತ್ತಿದರು. "ಭಾರ ಇಳಿಸಲಾರದ ಹಚ್ಚಿದ್ರ ತ್ಯಾಪಿ ಆರಾಮ ಕುಂದರತೈತಿ, ದುಡಿಯೂದು ಹಳೇ ಗರ್ಡರ," ಎಂದರು. ಆಮೇಲೆ ಬಿರುಕಿನ ತುದಿಗೆ ಡ್ರಿಲ್ಲು ಹಿಡಿದಾಗ ನಾನು ಕೂಗಿಕೊಂಡೆ: "ಹರಿದದ್ದಕ್ಕ ಮತ್ತ ತೂತು ಹಾಕತೀರೇನ್ರಿ?"

"ಬಿರುಕಿನ ಮೂತಿ ಚೂಪ ಇರತೈತಿ ಬೇಟಿ. ದುಂಡಗ ಮಾಡಿಬಿಟ್ರ ಮುಂದ ಹೋಗಾಂಗಿಲ್ಲ."

ಬಿರುಕನ್ನು ಕೊರೆದು ತುಂಬಿದರು. ಅಡ್ಡ ಬೆಸುಗೆ ಬೀಳಬಾರದೆಂದು ಹೊಸ ಪಟ್ಟಿಯನ್ನು ಶಂಕರಪೋಳಿಯ ಹಾಗೆ ಎರಡೂ ತುದಿಗೆ ಮೊನೆ ಬರುವಂತೆ ಕತ್ತರಿಸಿದರು. ನಾಲ್ಕು ಬೆರಳಿನಷ್ಟು ಬೆಸೆಯುವುದು, ಅಂಗೈ ಇಟ್ಟರೆ ಸುಡದಷ್ಟು ಆರುವ ತನಕ ಕೂರುವುದು, ಮತ್ತೆ ಇನ್ನೊಂದು ಕಡೆ ನಾಲ್ಕು ಬೆರಳು. ಎರಡನೆಯ ತೊಲೆಯ ಹಳೆಯ ತೇಪೆಯನ್ನೂ ಬಿಡಲಿಲ್ಲ. ಎರಡು ದಿನ ನನ್ನ ಗಿರಾಕಿಗಳು ಡಬ್ಬಿ ಹೊತ್ತು ರಾಮದುರ್ಗದ ಬಸ್ಸು ಹತ್ತಿದರು. ಮೂರನೆಯ ದಿನ ಯಂತ್ರ ತಿರುಗಿದಾಗ ಅಟ್ಟ ಮಿಸುಕಲಿಲ್ಲ. ಪಾಳಿಯಲ್ಲಿ ನಿಂತವರನ್ನು ನೋಡಿದೆ, ಎಲ್ಲರೂ ಎಂದಿನಂತೆ ಒಬ್ಬರಿಗೊಬ್ಬರು ಜಗಳವಾಡುತ್ತಿದ್ದರು. ಆ ಜಗಳ ಕೇಳಿ ನನಗೆ ಎಷ್ಟು ಹಗುರವಾಯಿತೆಂದರೆ ಮೂಟೆಗಳ ಹಿಂದೆ ಹೋಗಿ ಅತ್ತುಬಿಟ್ಟೆ.

ಪಂಚಮಿ ಮುಗಿದ ಮೇಲೆ ಚಾಚಾ ತಮ್ಮ ಹಳೆಯ ಚೌಕ ತೇಪೆಗಳನ್ನೆಲ್ಲ ಹುಡುಕಿಕೊಂಡು ಹೊರಟರು. ಯಾರೂ ಕರೆದಿರಲಿಲ್ಲ. ಮೊಪೆಡ್ಡಿನ ಮೇಲೆ ಸವದತ್ತಿ, ಬೈಲಹೊಂಗಲ, ಕಿತ್ತೂರಿನ ತನಕ ಹೋದರು. ಎಲ್ಲೆಲ್ಲಿ ಹಚ್ಚಿದ್ದೆನೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಸವದತ್ತಿಯ ಗೋದಾಮೊಂದರಲ್ಲಿ ಇನ್ನೊಂದು ಬಿರುಕು ಸಿಕ್ಕಿತು, ಸರಿಪಡಿಸಿದರು. ಬೈಲಹೊಂಗಲದಲ್ಲಿ ಒಬ್ಬರು "ಚೊಲೋ ಇದ್ದ ಗರ್ಡರಿಗೆ ಕೆಟ್ಟ ಹೆಸರಿಡಾಕ ಬಂದೀರೇನು" ಎಂದು ಅಟ್ಟಿಬಿಟ್ಟರು. ಮುಂದಿನ ವಾರ ಚಾಚಾ ಮತ್ತೆ ಅಲ್ಲಿಗೇ ಹೋದರು. ತನ್ನ ಕೆಲಸವನ್ನು ತಾನೇ ಬೈದುಕೊಳ್ಳುವ ಮನುಷ್ಯನೆಂದು ಪೇಟೆ ನಕ್ಕಿತು, ಅಂಗಡಿಗೆ ಬರುವವರೂ ಕಡಿಮೆಯಾದರು.

ಕಳೆದ ವರ್ಷ ದಮ್ಮು ಹೆಚ್ಚಾಗಿ ಹಾಸಿಗೆ ಹಿಡಿದರು. ನಾನು ನೋಡಲು ಹೋದರೆ ಕಾಯಿಲೆಯ ಮಾತನ್ನೇ ಎತ್ತಲಿಲ್ಲ. "ನೇಸರಗ್ಯಾಗ ಒಂದು ಉಳದೈತಿ ಬೇಟಿ. ಬೆಲ್ಲದ ಗಾಣದ ಶೆಡ್ಡು. ಅದರ ಕೆಳಗ ಆಳು ಮಂದಿ ಊಟಕ್ಕ ಕುಂದರತಾರು," ಎಂದು ನನ್ನ ಕೈ ಹಿಡಿದುಕೊಂಡರು.

ಮರುದಿನವೇ ಬಸ್ಸು ಬದಲಿಸಿ ನೇಸರಗಿಗೆ ಹೋದೆ. ಅವರು ಹೇಳಿದ ಗುರುತಿನ ಜಾಗದಲ್ಲಿ ಶೆಡ್ಡೇ ಇರಲಿಲ್ಲ. ಮೆಂತ್ಯದ ಮಡಿ ಇತ್ತು. ಕುಸಿದು ಬಿದ್ದಿತ್ತೇ? ಪಲ್ಲೆ ಕೀಳುತ್ತಿದ್ದ ಹೆಂಗಸನ್ನು ಕೇಳಿದೆ.

"ಶೆಡ್ಡೇನ್ರಿ? ಕೆಡವಿ ಎರಡು ವರ್ಷ ಆತ್ರಿ. ಗಾಣ ಬಂದ್ ಆತು, ಕಬ್ಬಿಣ ಎಲ್ಲಾ ಗುಜರಿಗೆ ಹಾಕಿದ್ರು."

"ಯಾರಿಗರ ಏನರ ಆಗಿತ್ತೇನ್ರಿ?"

"ಏನಿಲ್ಲಬಿಡ್ರಿ. ಯಾಕ ಹಂಗ ಕೇಳತೀರಿ?"

ಮಡಿಯ ಬದುವಿನ ಮೇಲೇ ಕುಳಿತು ಚಾಚಾಗೆ ಫೋನು ಹಚ್ಚಿದೆ. ಶೆಡ್ಡು ಕೆಡವಿದ್ದಾರೆ, ಯಾರಿಗೂ ಏನೂ ಆಗಿಲ್ಲ ಎಂದೆ. ಚಾಚಾ ಕೆಮ್ಮು ಬರುವ ತನಕ ನಕ್ಕರು. "ಉಳದ್ನಿ ಬೇಟಿ," ಎಂದರು. "ಉಳದ್ನಿ."

ಅದಾದ ಎಂಟು ದಿನಕ್ಕೆ ಅವರು ತೀರಿಹೋದರು. ಮಾತಾಡಿಸಲು ಹೋದಾಗ ಅವರ ಹೆಂಡತಿ ಅಳಲಿಲ್ಲ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಎಷ್ಟೋ ವರ್ಷದ ಮ್ಯಾಲ ಎಂಟು ದಿನಾ ಚೊಲೋ ನಿದ್ದಿ ಮಾಡಿದ್ರವ್ವಾ," ಎಂದರು.