ಮಗಳ ಎಸೆತಕ್ಕೆ ನಾನು ಹಾಕಿದ ಮಾರ್ಕು

ಕುವೈತ್‌ನಲ್ಲಿ ನನ್ನ ಕೆಲಸ ನೀರಿನ ಬಾಟಲಿಗಳಲ್ಲಿ ತಪ್ಪು ಹುಡುಕುವುದು. ಮುಚ್ಚಳ ಓರೆಯಾಗಿದ್ದರೆ ರಿಜೆಕ್ಟ್, ಲೇಬಲ್ ಸುಕ್ಕಾಗಿದ್ದರೆ ರಿಜೆಕ್ಟ್. ಹದಿನೆಂಟು ವರ್ಷ ಇದನ್ನೇ ಮಾಡಿ, ನನ್ನ ಕಣ್ಣು ಬಹಳ ಚುರುಕು ಎಂಬ ಜಂಬ ಬಂದಿತ್ತು.

ಮಗಳು ಇಲ್ಲಿನ ಕಾಲೇಜೊಂದರಲ್ಲಿ ಫುಟ್‌ಬಾಲ್ ಆಡುತ್ತಿದ್ದಳು. ಕಾಲಿನಲ್ಲಿ ಒದೆಯುವುದಲ್ಲ, ಅಮೆರಿಕದವರದು. ಎರಡೂ ತುದಿ ಚೂಪಾದ ಚೆಂಡನ್ನು ಕೈಯಿಂದ ಎಸೆಯುವುದು. ಇವರ ಆಟದಲ್ಲಿ ಯಾರನ್ನೂ ಕೆಡವುವುದಿಲ್ಲ, ಚೆಂಡು ಹಿಡಿದವಳ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ಚೆಂಡು ಹಿಡಿದು ನಿಂತು, ಯಾರಿಗೆ ಎಸೆಯಬೇಕೆಂದು ಎರಡು ಮೂರು ಕ್ಷಣಗಳಲ್ಲಿ ತೀರ್ಮಾನಿಸುವವಳು ಕ್ವಾರ್ಟರ್‌ಬ್ಯಾಕ್. ದುಬೈ ಟೂರ್ನಿಗೆ ಹೋಗುವ ತಂಡದಲ್ಲಿ ಆ ಒಂದು ಜಾಗಕ್ಕೆ ಇಬ್ಬರ ಪೈಪೋಟಿ: ನನ್ನ ಮಗಳು ಮತ್ತು ಲೆಬನಾನಿನ ಒಬ್ಬ ಹುಡುಗಿ. ಮಗಳಿಗೆ ಅದು ಕೊನೆಯ ವರ್ಷ. ಖೈತಾನ್ ಬಡಾವಣೆಯ ನಮ್ಮ ಕಟ್ಟಡದ ತಾರಸಿಯಲ್ಲಿ ನೀರಿನ ಟ್ಯಾಂಕಿಗೆ ಗುರಿಯಿಟ್ಟು ಎಸೆದೂ ಎಸೆದೂ, ಕಟ್ಟಡ ಕಾಯುವ ಹಾರಿಸ್‌ನಿಂದ ದಿನವೂ ಬೈಸಿಕೊಳ್ಳುತ್ತಿದ್ದಳು.

ಅವಳನ್ನು ಕರೆದುಕೊಂಡು ಹೋಗಿ ಮೈದಾನದ ಬದಿಯಲ್ಲಿ ಸುಮ್ಮನೆ ಕೂರುತ್ತಿದ್ದ ನನ್ನ ಉದ್ಯೋಗ ಏನೆಂದು ಕೋಚ್‌ಗೆ ತಿಳಿಯಿತು. ಅಭ್ಯಾಸದಲ್ಲಿ ಇಬ್ಬರ ಪ್ರತಿ ಎಸೆತಕ್ಕೂ ಸರಿ ಅಥವಾ ತಪ್ಪು ಗುರುತು ಹಾಕಿ ಎಂದು ಹಾಳೆ ಕೊಟ್ಟರು. ಅದರಲ್ಲಿ ಎರಡು ಕಾಲಂ: ಗುರಿ, ತೀರ್ಮಾನ. ಗುರಿ ಸುಲಭ. ಚೆಂಡು ನಮ್ಮವರ ಕೈ ಸೇರಿದರೆ ಸರಿ, ಇಲ್ಲದಿದ್ದರೆ ತಪ್ಪು. ತೀರ್ಮಾನಕ್ಕೂ ಅದನ್ನೇ ನಕಲು ಮಾಡಿದೆ. ಬಾಟಲಿಗಳು ಯೋಚಿಸುವುದಿಲ್ಲವಾದ್ದರಿಂದ ಆ ಕಾಲಂ ನನಗೆ ಹೊಸತು.

ಸಾಲದ್ದಕ್ಕೆ ಸಂಘದ ಚಾಳಿ ಬೇರೆ. ನಮ್ಮ ಕರಾವಳಿಯವರ ಸಂಘದಲ್ಲಿ ಮಕ್ಕಳ ಸ್ಪರ್ಧೆಗೆ ಅಪ್ಪ ಅಮ್ಮಂದಿರೇ ತೀರ್ಪುಗಾರರು. ಸ್ವಂತ ಮಗುವಿಗೆ ಎರಡು ಅಂಕ ಕಡಿಮೆ ಹಾಕುವುದು ಮರ್ಯಾದೆ; ಇಲ್ಲದಿದ್ದರೆ ಊಟದ ಸಾಲಿನಲ್ಲಿ ಮಾತು ಬರುತ್ತದೆ. ಎಲ್ಲರೂ ಹಾಗೇ ಮಾಡುವುದರಿಂದ ಅಲ್ಲಿ ಯಾರಿಗೂ ನಷ್ಟವಿಲ್ಲ. ಮೈದಾನದಲ್ಲಿ ತೀರ್ಪುಗಾರ ನಾನೊಬ್ಬನೇ. ಅನುಮಾನ ಬಂದಾಗಲೆಲ್ಲ ಮಗಳಿಗೆ ತಪ್ಪು, ಆ ಹುಡುಗಿಗೆ ಸರಿ ಎಂದು ಬರೆದೆ.

ಕೋಚ್ ಆ ಹುಡುಗಿಯನ್ನು ಆರಿಸಿದರು. ಹೆತ್ತ ತಂದೆಗೇ ಇಷ್ಟು ತಪ್ಪು ಕಂಡ ಮೇಲೆ ತಮಗೆ ಸಂಶಯ ಉಳಿಯಲಿಲ್ಲ ಎಂದು ನನ್ನ ಕೈ ಕುಲುಕಿದರು. ನಾನು ಥ್ಯಾಂಕ್ಸ್ ಹೇಳಿದೆ.

ಕಾರಿನಲ್ಲಿ ಮಗಳು ಕೋಚ್ ಕಳಿಸಿದ್ದ ಆ ಹಾಳೆಯ ಫೋಟೋವನ್ನು ಫೋನಿನಲ್ಲಿ ತೆರೆದಳು. ನಮಗೆ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಂದು ತೀರ್ಮಾನದ ಕಾಲಂನ ಒಂದು ಗುರುತು ತೋರಿಸಿ ಕನ್ನಡದಲ್ಲಿ ಕೇಳಿದಳು.

“ಇದು ಎಂತಕ್ಕೆ ತಪ್ಪು?”

“ಬಾಲ್ ಲೈನಿನಿಂದ ಹೊರಗೆ ಹೋಯ್ತಲ್ಲ.”

“ಬೇಕಂತಲೇ ಹೊರಗೆ ಬಿಸಾಡಿದ್ದು ಪಪ್ಪ. ನಮ್ಮವರು ಒಬ್ಬರೂ ಫ್ರೀ ಇರ್ಲಿಲ್ಲ. ಒಳಗೆ ಎಸೆದಿದ್ರೆ ಎದುರು ಟೀಮಿನವರೇ ಹಿಡೀತಿದ್ರು.”

ಅವಳು ಒಂದೊಂದಾಗಿ ಎಣಿಸಿದಳು; ಅಂಥವು ಆ ಹಾಳೆಯಲ್ಲಿ ಹನ್ನೊಂದಿದ್ದವು. ಹನ್ನೊಂದೂ ಸರಿಯಾದ ತೀರ್ಮಾನಗಳು, ಹನ್ನೊಂದಕ್ಕೂ ನಾನು ತಪ್ಪು ಹಾಕಿದ್ದೆ. ಆ ಹುಡುಗಿ ಗುಂಪಿನ ನಡುವೆ ಎಸೆದು ಅದೃಷ್ಟದಿಂದ ಕೈ ಸೇರಿದವಕ್ಕೆಲ್ಲ ಸರಿ. ನನಗೆ ನಾಚಿಕೆಯಾಯಿತು. ಕಾರನ್ನು ಬದಿಗೆ ನಿಲ್ಲಿಸಿದೆ.

“ನಾಳೆ ಕೋಚ್ ಹತ್ರ ಮಾತಾಡ್ತೇನೆ.”

“ಲಿಸ್ಟ್ ಹೋಗಿ ಆಯ್ತು. ಖಲಾಸ್.”

“ನಿನಗೆ ಮೋಸ ಮಾಡ್ಬೇಕಂತ ಅಲ್ಲ ಮಗಾ. ನನ್ನ ಮಗಳಂತ ಜಾಸ್ತಿ ಹಾಕಿದ್ದು ಅಂತ ಯಾರೂ ಹೇಳ್ಬಾರದು ಅಂತ...”

“ಯಾರು ಹೇಳೋದು ಪಪ್ಪ? ಅಲ್ಲಿ ನನ್ನವರು ಅಂತ ಇದ್ದದ್ದು ನೀವೊಬ್ಬರೇ.”