ಸೋರಿಕೆಯನ್ನೇ ಸರಿ ಎಂದು ಕಲಿತ ಯಂತ್ರ

ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಭಾವ ಫೋನ್ ಮಾಡಿದರು. ಕಾರ್ಖಾನೆಯ ತೋಟದ ಗೋಡೆ ಬಿದ್ದದ್ದು ಅದಾಗಿ ಮೂರು ವಾರಕ್ಕೆ. ನನ್ನ ಪಾಲಿಗೆ ಅದು ಬೀಳಲು ಶುರುವಾದದ್ದು ಆ ಫೋನಿನಲ್ಲೇ. ನಾನು ಜಾಲಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮನ ಜೊತೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

"ರಜಾ ದಿನಾನೂ ಕಾಡ್ತಾರೆ ಅಂತ ಬೈಕೋಬೇಡ ಪುಟ್ಟಿ," ಅಂದರು. "ಮೇಲಿನ ಲಾನಿಗೆ ಹೊಸ ಸ್ಪ್ರಿಂಕ್ಲರ್ ಹಾಕ್ಸಿದೀನಿ. ನಿನ್ನ ಸೆನ್ಸರ್ ಒಪ್ತಾನೇ ಇಲ್ಲ. ನೀರು ಜಾಸ್ತಿ ಅಂತ ಬಂದ್ ಮಾಡ್ಬಿಡುತ್ತೆ. ಅದಕ್ಕೆ ಹೊಸದಾಗಿ ಕಲಿಸೋದು ಹೇಗೆ, ಹೇಳು."

ಹೇಳಿಕೊಟ್ಟೆ. ಒಂದೊಂದೇ ಬಟನ್, ನಿಧಾನವಾಗಿ.

ಭಾವ ನನ್ನ ಅಕ್ಕನ ಗಂಡ. ಮಾಕಳಿ ಹತ್ತಿರದ ಒಂದು ಕಾರ್ಖಾನೆಯ ತೋಟದ ಕಾಂಟ್ರಾಕ್ಟ್ ಅವರದು. ನಾನು ಇನ್‌ಸ್ಟ್ರುಮೆಂಟೇಶನ್ ಓದಿ ಪೀಣ್ಯದ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ತೋಟದ ಪೈಪುಗಳಿಗೆ ನೀರಿನ ಸೆನ್ಸರ್ ಕೂರಿಸುವುದು ನಮ್ಮ ಕೆಲಸ. ಆ ಕಾರ್ಖಾನೆಗೆ ನಮ್ಮನ್ನು ಪರಿಚಯ ಮಾಡಿಸಿದ್ದೂ ಭಾವನೇ.

ಸೆನ್ಸರ್ ಅಂದರೆ ದೊಡ್ಡದೇನಲ್ಲ. ಪೈಪಿನೊಳಗೆ ಒಂದು ಪುಟ್ಟ ಚಕ್ರ, ನೀರು ಹರಿದಷ್ಟೂ ತಿರುಗುತ್ತದೆ. ಎಲ್ಲ ಸರಿಯಿದ್ದಾಗ ಒಮ್ಮೆ ನೀರು ಬಿಟ್ಟು, ಇಷ್ಟು ಹರಿಯುವುದು ಸರಿ ಎಂದು ಯಂತ್ರಕ್ಕೆ ಕಲಿಸುತ್ತೇವೆ. ಮುಂದೆ ಎಲ್ಲಾದರೂ ಪೈಪ್ ಒಡೆದು ಅದಕ್ಕಿಂತ ಹೆಚ್ಚು ಹರಿದರೆ ಅದು ವಾಲ್ವ್ ಮುಚ್ಚಿ ಫೋನಿಗೆ ಸುದ್ದಿ ಕಳಿಸುತ್ತದೆ. ಕಲಿಸಿದ್ದನ್ನು ಅದು ಪೂರ್ತಿ ನಂಬುತ್ತದೆ. ಪೈಪ್ ಸೋರುತ್ತಿರುವಾಗ ಕಲಿಸಿದರೆ, ಸೋರುವುದನ್ನೂ ಸರಿ ಎಂದೇ ಕಲಿಯುತ್ತದೆ. ಕೂರಿಸಿದ ದಿನವೇ ಭಾವನಿಗೆ ಇದನ್ನು ಹೇಳಿದ್ದೆ. "ಥೇಟ್ ನಮ್ಮ ಸೂಪರ್‌ವೈಸರ್ ಥರಾನೇ," ಎಂದು ನಕ್ಕಿದ್ದರು.

ಫೋನ್ ಬಂದ ಮೇಲೆ ಮೇಲಿನ ಲಾನಿನ ನೀರಿನ ಅಂಕಿ ಏರಿದ್ದು ನನಗೂ ಕಂಡಿತ್ತು. ಹೊಸ ಸ್ಪ್ರಿಂಕ್ಲರ್‌ಗಳದ್ದು ಎಂದುಕೊಂಡೆ. ಭಾವ ಸುಳ್ಳು ಹೇಳಿರಬಹುದು ಎನ್ನುವ ಯೋಚನೆಯೇ ಬರಲಿಲ್ಲ.

ಆ ಲಾನ್ ಎತ್ತರದಲ್ಲಿದೆ. ಮಣ್ಣು ಜಾರದ ಹಾಗೆ ಅದರ ಅಂಚಿಗೆ ಸೈಜುಗಲ್ಲಿನ ಗೋಡೆ ಕಟ್ಟಿದ್ದರು. ಗೋಡೆಯ ಕೆಳಗೆ ಕಿರಿದಾದ ದಾರಿ, ಮಧ್ಯಾಹ್ನ ಒಳ್ಳೆಯ ನೆರಳು. ತೋಟದ ಕೆಲಸದ ಹೆಂಗಸರು ಅಲ್ಲೇ ಊಟಕ್ಕೆ ಕೂರುತ್ತಿದ್ದರು. ಗೋಡೆ ಬಿದ್ದ ದಿನ ನಾನು ಬೇರೊಂದು ವಾಲ್ವ್ ನೋಡಲು ಹೋಗಿದ್ದೆ. ಅವರಲ್ಲಿ ಹಿರಿಯಾಕೆ ಎಲ್ಲರಿಗಿಂತ ಮೊದಲೇ ಬಂದು ಬುತ್ತಿ ಬಿಚ್ಚಿದ್ದರು.

"ಬನ್ನಿ ಮೇಡಂ, ಮುದ್ದೆ ತಣ್ಣಗಾಯ್ತದೆ. ಇಂಜಿನಿಯರ್ರಿಗೆ ಮುದ್ದೆ ನುಂಗಕ್ಕೆ ಬತ್ತದಾ, ಅಗೀತೀರಾ?"

"ಕೈ ತೊಳ್ಕೊಂಡು ಬಂದು ತೋರಿಸ್ತೀನಿ," ಅಂದೆ.

ನಲ್ಲಿ ಆ ಕಡೆ ಮೂಲೆಯಲ್ಲಿತ್ತು. ಕೈಗೆ ನೀರು ಹಾಕಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ಟಿಪ್ಪರಿನಿಂದ ಜಲ್ಲಿ ಸುರಿದಂಥ ಸದ್ದಾಯಿತು. ತಿರುಗಿದೆ. ನಾನು ಕೂರಬೇಕಿದ್ದ ಜಾಗದಲ್ಲಿ ಕಲ್ಲು, ಕೆಸರು, ಹುಲ್ಲಿನ ಸಮೇತ ಜಾರಿ ಬಂದ ಮಣ್ಣಿನ ಹೆಂಟೆಗಳು. ಆಕೆಯ ಎಡಗಾಲು ಮಂಡಿಯವರೆಗೆ ಅದರೊಳಗೆ. ಕೂಗುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಮೇಲಿನಿಂದ ನೀರು ಇನ್ನೂ ಬರುತ್ತಲೇ ಇತ್ತು. ಓಡಿಹೋಗಿ ಮೇನ್ ವಾಲ್ವನ್ನು ಕೈಯಲ್ಲೇ ಮುಚ್ಚಿದೆ. ಆಂಬುಲೆನ್ಸಿನಲ್ಲಿ ಕೂತಾಗ ಫೋನ್ ತೆಗೆದು ನೋಡಿದರೆ ಮೇಲಿನ ಲಾನಿನ ಮುಂದೆ ಹಸಿರು ಚುಕ್ಕಿ, ಎಲ್ಲ ಸರಿ ಇದೆ ಎಂದು.

ಸಂಜೆ ಕಾರ್ಖಾನೆಗೆ ವಾಪಸ್ ಹೋದೆ. ಜಾರಿದ ಮಣ್ಣಿನ ನಡುವೆ ಪೈಪಿನ ಜಾಯಿಂಟ್ ಕಾಣುತ್ತಿತ್ತು. ಸೀಳಿದ ಕಡೆ ಯಾರೋ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಬಿಗಿದಿದ್ದರು. ಮೇಲೆ ಹತ್ತಿ ಲಾನೆಲ್ಲ ಸುತ್ತಾಡಿದೆ. ಹೊಸ ಸ್ಪ್ರಿಂಕ್ಲರ್ ಒಂದೂ ಇರಲಿಲ್ಲ.

ಅದೇ ರಾತ್ರಿ ಆಸ್ಪತ್ರೆಯ ಹೊರಗೆ ಭಾವನನ್ನು ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಹೆಡ್ ಆಫೀಸಿನವರು ಬರೋರಿದ್ರು ಪುಟ್ಟಿ. ಲಾನ್ ಅಗೆದು ಮಣ್ಣು ಗುಡ್ಡೆ ಹಾಕೊಂಡು ಕೂರಕ್ಕಾಗುತ್ತಾ? ನೀರು ಬಂದ್ ಆದ್ರೆ ಹುಲ್ಲು ಒಣಗುತ್ತೆ. ಅವರು ಹೋದ್ಮೇಲೆ ರಿಪೇರಿ ಮಾಡ್ಸಿದ್ರಾಯ್ತು ಅಂತಿದ್ದೆ. ಮರ್ತೇಹೋಯ್ತು."

ಮಾರನೆಯ ದಿನ ಕಾರ್ಖಾನೆಯ ಸೇಫ್ಟಿ ಆಫೀಸರ್ ಇಬ್ಬರನ್ನೂ ಕರೆಸಿದರು. ಭಾವ ನನ್ನ ಕಡೆ ನೋಡದೆ ಹೇಳಿದರು: "ಮಷಿನ್ ವಿಷಯ ನಮಗೇನ್ ಗೊತ್ತು ಸಾರ್? ಇಂಜಿನಿಯರ್ ಫೋನಲ್ಲಿ ಹೇಳಿಕೊಟ್ಟ ಹಾಗೇ ಮಾಡಿದೀವಿ."

ಇಂಜಿನಿಯರ್ ಅಂದರು. ಅಕ್ಕನ ಮದುವೆಯಾದ ದಿನದಿಂದ ನಾನು ಅವರಿಗೆ ಪುಟ್ಟಿ. ಹೇಳಿಕೊಟ್ಟದ್ದು ನಿಜ ಎಂದಷ್ಟೇ ಒಪ್ಪಿಕೊಂಡೆ. ಆಫೀಸರ್ ಬುಧವಾರ ಮತ್ತೆ ಬನ್ನಿ ಎಂದರು.

ಅಕ್ಕ ಮನೆಗೇ ಬಂದಳು. "ನಿನ್ನನ್ನ ಇನ್ನೊಂದು ಸೈಟಿಗೆ ಹಾಕ್ತಾರೆ, ಅಷ್ಟೇ ತಾನೆ? ಅವರಿಗೆ ಈ ಕಾಂಟ್ರಾಕ್ಟ್ ಬಿಟ್ರೆ ಏನಿದೆ? ಸುಮ್ನಿದ್ಬಿಡು ಕಣೇ." ಅಮ್ಮ ಅವಳಿಗೆ ಕಾಫಿ ಕೊಟ್ಟರು, ನನ್ನನ್ನು ಬೇಕಾ ಎಂದು ಕೇಳಲಿಲ್ಲ.

ಆ ದಿನಗಳಲ್ಲಿ ಕಣ್ಣು ಹತ್ತಿದರೆ ಸಾಕು, ನಲ್ಲಿಯ ಮುಂದೆ ನಿಂತಿರುತ್ತಿದ್ದೆ. ಕೈ ಒದ್ದೆ, ಹಿಂದೆ ಸದ್ದು. ಪ್ರತಿ ಸಲವೂ ತಿರುಗುವ ಮೊದಲೇ ಎಚ್ಚರ.

ಮಂಗಳವಾರ ಮಾದನಾಯಕನಹಳ್ಳಿಗೆ ಹೋದೆ. ಆ ಹಿರಿಯಾಕೆಯನ್ನು ಆಸ್ಪತ್ರೆಯಿಂದ ಅಲ್ಲಿನ ಮನೆಗೆ ಕಳಿಸಿದ್ದರು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್, ಕೆಳಗೆ ದಿಂಬು.

"ನಿಮ್ ಬಾವ ಬಂದಿದ್ರು," ಅಂದರು. "ಸೇಬು ತಂದಿದ್ರು. ನೀವು ಮಷಿನ್ ತಪ್ಪು ಮಾಡಿದ್ರಿ ಅಂದ್ರು. ಅಂಗಾ?"

ನಡೆದದ್ದನ್ನೆಲ್ಲ ಹೇಳಿದೆ. ಆಕೆ ಕೊನೆಗೆ ಒಂದೇ ಕೇಳಿದರು.

"ಪೈಪ್ ಸೋರ್ತಾ ಇದ್ದಿದ್ದು ಅವ್ರಿಗೆ ಗೊತ್ತಿತ್ತಲ್ವಾ? ಆ ಗೋಡೆ ಕೆಳ್ಗೆ ಕೂತ್ಕೊಂಡು ಉಣ್ಣಿ ಅಂದಿದ್ದೂ ಅವ್ರೇ. ದೊಡ್ಡೋರು ಬತ್ತಾರೆ, ಲಾನಲ್ಲಿ ಕಾಣಿಸ್ಕೋಬೇಡಿ ಅಂದ್ರು."

ಇದು ನನಗೆ ಗೊತ್ತಿರಲಿಲ್ಲ. ಭಾವನಿಗೆ ಗೋಡೆ ಬೀಳುತ್ತದೆ ಎನ್ನುವುದು ಹೊಳೆದಿರಲಿಕ್ಕಿಲ್ಲ. ಆದರೂ ಸೋರುವ ಪೈಪನ್ನೂ ಈ ಹೆಂಗಸರನ್ನೂ ದೊಡ್ಡವರ ಕಣ್ಣಿಂದ ಮುಚ್ಚಿಡಲು ಅವರು ಹುಡುಕಿದ್ದು ಒಂದೇ ಜಾಗ.

"ನಿಮ್ಮಕ್ಕನ್ ಗಂಡ," ಅಂದರು ಆಕೆ. "ಆಪೀಸಲ್ಲಿ ಬಾಯಿ ಬಿಡ್ತೀರಾ?"

"ಬಿಡ್ತೀನಿ," ಅಂದೆ. ಆಕೆ ನಂಬಿದ ಹಾಗೆ ಕಾಣಲಿಲ್ಲ.

ಬುಧವಾರ ಆಫೀಸರ್ ಮುಂದೆ ಎಲ್ಲ ಹೇಳಿದೆ. ಫೋನಿನಲ್ಲಿ ಭಾವ ಆಡಿದ ಮಾತು, ಇಲ್ಲದ ಸ್ಪ್ರಿಂಕ್ಲರ್, ರಬ್ಬರ್ ಸುತ್ತಿದ ಜಾಯಿಂಟ್, ಹೆಂಗಸರನ್ನು ಗೋಡೆಯ ಕೆಳಗೆ ಕಳಿಸಿದ್ದು. ಆಸ್ಪತ್ರೆಯ ಹೊರಗೆ ಅವರೇ ಒಪ್ಪಿಕೊಂಡದ್ದನ್ನೂ ಬಿಡಲಿಲ್ಲ. ಆಫೀಸರ್ "ಹೌದಾ?" ಎಂದು ಭಾವನ ಕಡೆ ತಿರುಗಿದರು.

ಭಾವ, "ಸ್ವಂತ ಮನೆಯವಳೇ ಹಿಂಗೆ ಮಾಡ್ತಾಳೆ ಅಂತ ಅಂದ್ಕೊಂಡಿರ್ಲಿಲ್ಲ ಸಾರ್," ಅಂದರು. ಅಲ್ಲಗಳೆಯಲಿಲ್ಲ. ಅವರ ಕಣ್ಣಲ್ಲಿ ನೀರಿತ್ತು. ಮೋಸ ಹೋದವರು ತಾವೇ ಎಂದು ನಿಜವಾಗಿ ನಂಬಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಮಾದನಾಯಕನಹಳ್ಳಿಗೆ ಫೋನ್ ಮಾಡಿ, ಹೇಳಿಬಿಟ್ಟೆ ಎಂದೆ. "ಸರಿ ಬುಡಿ," ಅಂದರು ಆಕೆ. "ಮನೆಗೋಗಿ ಒಂದಿಷ್ಟು ಉಣ್ಣಿ."

ಅವತ್ತು ಊಟ ಮಾಡಿ ಮಲಗಿದವಳಿಗೆ ಎಚ್ಚರವಾದಾಗ ಗುರುವಾರದ ಬಿಸಿಲು ಮಂಚದವರೆಗೆ ಬಂದಿತ್ತು. ಅಡುಗೆಮನೆಯಲ್ಲಿ ಅಮ್ಮ ಅಕ್ಕನ ಜೊತೆ ಫೋನಿನಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಎದ್ದು ಬಂದದ್ದು ಕಂಡು ಬಾಗಿಲು ಮುಂದೆ ಮಾಡಿಕೊಂಡರು.