ಆಕಿ ಯಾರಂಗ ಆಡಿದ್ಲು?

ಗೆಳೆಯರೇ, ಇವತ್ತು ನಂದಗಡದ ಕುಸ್ತಿ ಕಣದಲ್ಲಿ ನಮ್ಮ ಪಕ್ಕದ ಮನೆಯ ಶಬಾನಾ ಗೆದ್ದಳು! ಎದುರಾಳಿ ಹುಡುಗಿಯನ್ನು ಆಕೆ ಎತ್ತಿ ಒಗೆದಾಗ ಕೂಗಿ ಕೂಗಿ ನನ್ನ ಗಂಟಲು ಕಟ್ಟಿದೆ. ಮೈಕು ಹಿಡಿದಿದ್ದ ಹಿರಿಯರಿಗೂ ಖುಷಿಯೋ ಖುಷಿ. "ಭಲೇ ಮಗಳ, ಗಂಡಸಿನಂಗ ಆಡಿದಿ ನೋಡವಾ!" ಎಂದರು.

ಮೈಯೆಲ್ಲ ಮಣ್ಣಾಗಿದ್ದ ಶಬಾನಾ ಅವರ ಮೈಕಿನ ಹತ್ತಿರವೇ ಹೋಗಿ, "ಕಾಕಾ, ಸೋತಾಕಿನೂ ಹುಡುಗೀನ ಅಲ್ರೀ? ಹಂಗಾರ ಆಕಿ ಯಾರಂಗ ಆಡಿದ್ಲು?" ಎಂದು ಕೇಳಿದಳು. ಸೋತ ಹುಡುಗಿಯೇ ಮೊದಲು ನಕ್ಕಳು. ಕಾಕಾ ತಲೆ ಕೆರೆದುಕೊಂಡು, "ಖರೇ ಐತಿ ಬಿಡವಾ. ಇಬ್ಬರೂ ಹೆಣ್ಣಿನಂಗ ಆಡೀರಿ!" ಎಂದರು. ಕಣದ ಸುತ್ತ ಸೀಟಿ, ಚಪ್ಪಾಳೆ.

ಆ ಮಾತು ಅವರ ನಾಲಿಗೆಗೆ ಹತ್ತಿಬಿಟ್ಟಿತು. ಮುಂದೆ ಗಂಡಸರ ಕುಸ್ತಿಯಲ್ಲೂ, "ಶಭಾಷ್ ಪೈಲ್ವಾನ, ಹೆಣ್ಣಿನಂಗ ಒಗದಿ!" ಎಂದು ಕೂಗಿದರು. ಪೈಲ್ವಾನ ಮೀಸೆ ತಿರುವಿ ಕೈಮುಗಿದ. ಇಷ್ಟು ದೊಡ್ಡ ಹೊಗಳಿಕೆ ಅವನಿಗೆ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ ಬಿಡಿ.